ಸಿಪ್ಪೆ ಮೀಮಾಂಸೆ: ಮನೆಯಲ್ಲಿ ಮಾರ್ಮಲೇಡ್ ಕಾಯಿಸುವವರ ಲಕ್ಷಣ, ಪ್ರಮಾಣ ಮತ್ತು ಫಲ

ಸೂತ್ರ 1: ಹಣ್ಣು ತಿಂದಾಯಿತು, ಸಿಪ್ಪೆ ಉಳಿಯಿತು, ಆದ್ದರಿಂದ ಶಾಸ್ತ್ರ.

ಭಾಷ್ಯ: ಶಾಸ್ತ್ರಗ್ರಂಥ ಶುರುಮಾಡುವವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ಹಿರಿಯರ ಕಟ್ಟಳೆ. ವಿಷಯ ಯಾವುದು, ಅಧಿಕಾರಿ ಯಾರು, ಪ್ರಯೋಜನವೇನು, ಸಂಬಂಧವೇನು? ಈಗಿನ ಪಿಎಚ್‌.ಡಿ. ಪ್ರಬಂಧಗಳೂ ಇದನ್ನೇ ಮೊದಲ ಅಧ್ಯಾಯದಲ್ಲಿ ಹೇಳುತ್ತವೆ. ಉಳಿದ ಅಧ್ಯಾಯಗಳಲ್ಲಿ ಅದನ್ನೇ ಮತ್ತೆ ಹೇಳುತ್ತವೆ. ನಾವು ಹಳೆಯ ಪದ್ಧತಿಯಂತೆ ಒಂದೇ ಸಲ ಹೇಳಿ ಮುಗಿಸುತ್ತೇವೆ.

ವಿಷಯ: ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ಸಕ್ಕರೆ ಹಾಕಿ ಕಾಯಿಸಿ, ಬಾಟಲಿಗೆ ತುಂಬುವುದು. ಅಧಿಕಾರಿ: ಭಾನುವಾರ ಮಧ್ಯಾಹ್ನ ಬೇರೆ ಕೆಲಸವಿದ್ದೂ ಅದನ್ನು ಮಾಡದವನು. ಕೆಲಸವೇ ಇಲ್ಲದವನು ಅಧಿಕಾರಿಯಲ್ಲ, ಏಕೆಂದರೆ ಅವನಿಗೆ ಇದೇ ಕೆಲಸವಾಗಿಬಿಡುತ್ತದೆ. ಪ್ರಯೋಜನ: ಬ್ರೆಡ್ಡಿಗೆ ಸವರಿಕೊಳ್ಳುವುದು ಎಂದು ಸ್ಥೂಲಬುದ್ಧಿಯವರು ಹೇಳುತ್ತಾರೆ. ಅದು ಗೌಣ ಪ್ರಯೋಜನ. ಮುಖ್ಯ ಪ್ರಯೋಜನವನ್ನು ಏಳನೆಯ ಸೂತ್ರದಲ್ಲಿ ಸಾಧಿಸಲಾಗುವುದು. ಸಂಬಂಧ: ತಾಯಿಯೂ ಹೆಂಡತಿಯೂ ಒಂದೇ ಅಡುಗೆಮನೆಯಲ್ಲಿರುವಾಗ ಗಂಡಸು ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸಿದರೆ ಸಂಬಂಧದ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅದಕ್ಕೆ ಪ್ರತ್ಯೇಕ ಭಾಷ್ಯ ಬೇಡ.

ಸೂತ್ರ 2: ಕೊಳ್ಳಲು ಸಿಗುವುದನ್ನು ಕಾಯಿಸತಕ್ಕದ್ದಲ್ಲ ಎಂಬುದು ಪೂರ್ವಪಕ್ಷ.

ಭಾಷ್ಯ: ಪೂರ್ವಪಕ್ಷವನ್ನು ಪ್ರಬಂಧಕಾರನ ಹೆಂಡತಿ ಹೀಗೆ ಮಂಡಿಸಿದ್ದಾಳೆ: ‘ರೀ, ಅಂಗಡೀಲಿ ಬಾಟ್ಲಿ ಸಿಗುತ್ತೆ. ನೀವು ಒಂದು ಕಿಲೋ ಹಣ್ಣು, ಎರಡು ಕಿಲೋ ಸಕ್ಕರೆ, ಅರ್ಧ ದಿನದ ಗ್ಯಾಸು ಎಲ್ಲ ಸುರೀತೀರಿ. ಆಮೇಲೆ ಆ ಪಾತ್ರೆ ಯಾರು ಉಜ್ಜೋದು? ಸೇರಿಸಿ ಲೆಕ್ಕ ಹಾಕಿ.’

ಈ ವಾದದಲ್ಲಿ ಅತಿವ್ಯಾಪ್ತಿ ದೋಷವಿದೆ. ಕೊಳ್ಳಲು ಸಿಗುವುದನ್ನು ಮಾಡಬಾರದು ಎಂದಾದರೆ ತಾರಸಿಯಲ್ಲಿ ಹಳೆ ಸೀರೆ ಹಾಸಿ ಸಂಡಿಗೆ ಇಡಬಾರದು, ಅಂಗಡಿಯಲ್ಲಿ ಸಿಗುತ್ತದೆ. ಬಾಗಿಲ ಮುಂದೆ ರಂಗೋಲಿ ಹಾಕಬಾರದು, ಸ್ಟಿಕರ್ ಸಿಗುತ್ತದೆ. ಮಗುವಿಗೆ ಕಥೆ ಹೇಳಬಾರದು, ಫೋನು ಹೇಳುತ್ತದೆ. ಮನೆ ಬಾಡಿಗೆಗೆ ಸಿಗುತ್ತದೆ, ಊಟ ಬಾಗಿಲಿಗೆ ಬರುತ್ತದೆ, ಬಟ್ಟೆ ಇಸ್ತ್ರಿಯಾಗಿ ಬರುತ್ತದೆ. ಕೊನೆಗೆ ಗೃಹಸ್ಥನ ಪಾಲಿಗೆ ಉಳಿಯುವುದು ಬಿಲ್ಲು ಕಟ್ಟುವುದೊಂದೇ. ಗೃಹಸ್ಥಾಶ್ರಮವನ್ನೇ ಅಳಿಸಿಹಾಕುವ ತರ್ಕವನ್ನು ಗೃಹದೊಳಗೆ ನಿಂತು ಮಾಡಕೂಡದು. ಇದು ಸ್ವವ್ಯಾಘಾತ. ಆದ್ದರಿಂದ ಪೂರ್ವಪಕ್ಷ ಖಂಡಿತವಾಯಿತು.

‘ಎಲ್ಲ ಸರಿ, ಪಾತ್ರೆ ಯಾರು ಉಜ್ಜೋದು?’ ಎಂಬ ಅವಶಿಷ್ಟ ಪ್ರಶ್ನೆ ಮಾತ್ರ ಉಳಿದುಕೊಂಡಿದೆ. ಇದರ ಬಗ್ಗೆ ಪೂರ್ವಾಚಾರ್ಯರು ಮೌನ ವಹಿಸಿದ್ದಾರೆ, ಬಹುಶಃ ಅವರ ಪಾತ್ರೆಗಳನ್ನು ಬೇರೆಯವರು ಉಜ್ಜುತ್ತಿದ್ದರು.

ಸೂತ್ರ 3: ಹಡಗು ಐತಿಹ್ಯ, ಹೆಂಗಸು ಪ್ರಮಾಣ.

ಭಾಷ್ಯ: ಈಗ ಆಗಮವಿಚಾರ. ಸ್ಕಾಟ್ಲೆಂಡಿನ ಡಂಡೀ ಪಟ್ಟಣದವರು ಹೇಳುವ ಕಥೆ ಹೀಗಿದೆ. ಬಿರುಗಾಳಿಗೆ ಸಿಕ್ಕಿದ ಹಡಗೊಂದು ಬಂದರಿಗೆ ಬಂತು. ಅದರಲ್ಲಿ ಸ್ಪೇನ್ ದೇಶದ ಸೆವಿಲ್ ಕಿತ್ತಳೆ ತುಂಬಿತ್ತು. ಕೀಲರ್ ಮನೆತನದ ವ್ಯಾಪಾರಿ ಅಗ್ಗವಾಯಿತೆಂದು ಅಷ್ಟನ್ನೂ ಕೊಂಡ. ತಂದು ನೋಡಿದರೆ ವಿಪರೀತ ಕಹಿ, ಮಾರಾಟವಾಗದ ಮಾಲು. ಆಗ ಜಾನೆಟ್ ಕೀಲರ್ ಅದನ್ನು ಸಕ್ಕರೆ ಹಾಕಿ ಕಾಯಿಸಿದಳು, ಮಾರ್ಮಲೇಡ್ ಹುಟ್ಟಿತು. 1797ರಲ್ಲಿ ಕೀಲರ್ ಮನೆಯವರು ವ್ಯಾಪಾರ ಆರಂಭಿಸಿದರು, ಡಂಡೀ ಪಟ್ಟಣ ಸೆಣಬು, ಜಾಮು ಮತ್ತು ಪತ್ರಿಕೋದ್ಯಮಕ್ಕೆ ಹೆಸರಾಯಿತು.

ಕಥೆ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ಮನೆಗಳ ಅಡುಗೆ ಪುಸ್ತಕಗಳಲ್ಲಿ ಕಿತ್ತಳೆ ಮಾರ್ಮಲೇಡಿನ ವಿಧಾನ ಅದಕ್ಕೂ ಒಂದು ಶತಮಾನ ಮೊದಲೇ ಇತ್ತು. ಮಾರ್ಮಲೇಡಿನ ಬಗ್ಗೆಯೇ 1985ರಲ್ಲಿ ಒಂದು ಇಡೀ ಪುಸ್ತಕ ಬರೆದ ಸಿ. ಆನ್ ವಿಲ್ಸನ್ ಈ ವಂಶಾವಳಿಯನ್ನೆಲ್ಲ ಬಿಡಿಸಿಟ್ಟಿದ್ದಾರೆ. ಜಾನೆಟ್ ಆ ವ್ಯಾಪಾರಿಯ ಹೆಂಡತಿಯೋ ತಾಯಿಯೋ ಎಂಬಲ್ಲಿಯೇ ಕಥೆ ಹೇಳುವವರು ತಡವರಿಸುತ್ತಾರೆ.

ಆದರೂ ಕಥೆಯ ಒಂದು ಭಾಗಕ್ಕೆ ಪುರಾವೆ ಬೇಕಿಲ್ಲ. ಗಂಡಸು ಅಗ್ಗಕ್ಕೆ ಸಿಕ್ಕಿತೆಂದು ಹೊರೆಗಟ್ಟಲೆ ತಂದು ಹಾಕುವುದು, ಮನೆಯ ಹೆಂಗಸು ಅದಕ್ಕೊಂದು ಗತಿ ಕಾಣಿಸುವುದು ಪ್ರತ್ಯಕ್ಷಸಿದ್ಧ. ಸಂತೆ ದಿನದ ಸಂಜೆ ಯಾರ ಮನೆಯಲ್ಲಿಯಾದರೂ ಇದನ್ನು ಪರೀಕ್ಷಿಸಬಹುದು. ಎರಡನೆಯ ದೃಷ್ಟಾಂತ: 1874ರಲ್ಲಿ ಆಕ್ಸ್‌ಫರ್ಡಿನ ದಿನಸಿ ವ್ಯಾಪಾರಿಯ ಹೆಂಡತಿ ಸಾರಾ ಜೇನ್ ಕೂಪರ್ ತನ್ನ ಒಲೆಯ ಮೇಲೆ ಮಾರ್ಮಲೇಡ್ ಕಾಯಿಸಿದಳು. ಅದು ಪ್ರಸಿದ್ಧವಾಯಿತು. ಬಾಟಲಿಯ ಚೀಟಿಯ ಮೇಲೆ ಬಂದ ಹೆಸರು ಫ್ರಾಂಕ್ ಕೂಪರ್, ಎಂದರೆ ಗಂಡ. ಇದರಿಂದ ಸಿದ್ಧಿಸುವ ನಿಯಮ: ಕಾಯಿಸಿದವಳು ಒಬ್ಬಳು, ಅಂಟಿಸಿಕೊಂಡವನು ಇನ್ನೊಬ್ಬ. ಕನ್ನಡ ಸಂಶೋಧನಾ ಕ್ಷೇತ್ರದಲ್ಲಿಯೂ ಈ ನಿಯಮಕ್ಕೆ ಉದಾಹರಣೆಗಳಿವೆ ಎಂದು ಹೇಳುತ್ತಾರೆ, ನಾವು ಹೇಳುವುದಿಲ್ಲ.

ಶಿಷ್ಟಾಚಾರ ಪ್ರಮಾಣಕ್ಕೂ ಕೊರತೆಯಿಲ್ಲ. 1957ರಲ್ಲಿ ಬಂದ ಇಯಾನ್ ಫ್ಲೆಮಿಂಗ್ ಕಾದಂಬರಿಯಲ್ಲಿ ಗೂಢಚಾರ ಜೇಮ್ಸ್ ಬಾಂಡನ ಬೆಳಗಿನ ಉಪಾಹಾರಕ್ಕೆ ಇದೇ ಕೂಪರ್ ಮಾರ್ಮಲೇಡ್ ಬರುತ್ತದೆ. ಮರುವರ್ಷ 1958ರಲ್ಲಿ ಮೈಕೆಲ್ ಬಾಂಡ್ ಎಂಬ ಲೇಖಕ ಪ್ಯಾಡಿಂಗ್ಟನ್ ಎಂಬ ಕರಡಿಯನ್ನು ಸೃಷ್ಟಿಸಿದ. ಅದು ಟೊಪ್ಪಿಗೆಯೊಳಗೆ ಮಾರ್ಮಲೇಡ್ ಸ್ಯಾಂಡ್‌ವಿಚ್ ಇಟ್ಟುಕೊಂಡು ತಿರುಗುತ್ತದೆ. ಎರಡು ವರ್ಷಗಳಲ್ಲಿ ಇಬ್ಬರು ಬಾಂಡರು ಒಂದೇ ಪದಾರ್ಥದ ಸುತ್ತ ಕಾಣಿಸಿಕೊಂಡದ್ದು ಕಾಕತಾಳೀಯವೆಂದು ಸಾಮಾನ್ಯರು ಹೇಳಬಹುದು. ಇದರ ಮೇಲೆ ಒಂದು ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಅನುದಾನ ಸಿಗುವುದರಲ್ಲಿ ಸಂಶಯವಿಲ್ಲ. 2022ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದು 70 ವರ್ಷವಾದ ಸಂಭ್ರಮದ ಚಿತ್ರಿಕೆಯಲ್ಲಿ ಅದೇ ಕರಡಿಯ ಎದುರು ಕುಳಿತು, ತನ್ನ ಕೈಚೀಲದಿಂದಲೂ ಒಂದು ಮಾರ್ಮಲೇಡ್ ಸ್ಯಾಂಡ್‌ವಿಚ್ ತೆಗೆದು ತೋರಿಸಿದಳು. ಗೂಢಚಾರ, ಕರಡಿ, ರಾಣಿ ಮೂವರೂ ಒಪ್ಪಿದ್ದನ್ನು ನಮ್ಮ ಮನೆಯಲ್ಲಿ ಒಪ್ಪದಿರಲು ಕಾರಣವೇನು ಎಂದು ಕೇಳಿದಾಗ, ‘ಅವರ್ಯಾರೂ ಪಾತ್ರೆ ಉಜ್ಜಲ್ಲ’ ಎಂದು ಉತ್ತರ ಬಂತು.

ಕೊನೆಯದಾಗಿ ಧರ್ಮಶಾಸ್ತ್ರ. ಯುರೋಪಿನ ಒಕ್ಕೂಟದ 2001ರ ನಿರ್ದೇಶನದಂತೆ ಒಂದು ಕಿಲೋ ಮಾರ್ಮಲೇಡಿನಲ್ಲಿ ಕಿತ್ತಳೆ ಜಾತಿಯ ಹಣ್ಣು ಕನಿಷ್ಠ 200 ಗ್ರಾಂ ಇರಬೇಕು, ಅದರಲ್ಲಿ 75 ಗ್ರಾಮಾದರೂ ಒಳಗಿನ ತಿರುಳಾಗಿರಬೇಕು. ಅದೇ ನಿರ್ದೇಶನ ಜಾಮಿನ ಮಟ್ಟಿಗೆ ಗಜ್ಜರಿ, ಸೌತೆಕಾಯಿ, ಗೆಣಸು, ಕುಂಬಳಗಳನ್ನೂ ಹಣ್ಣೆಂದು ಭಾವಿಸತಕ್ಕದ್ದು ಎನ್ನುತ್ತದೆ. ಪೋರ್ಚುಗಲ್‌ನವರು ಗಜ್ಜರಿಯ ಜಾಮು ಮಾಡುವುದರಿಂದ ಈ ಏರ್ಪಾಡು. ಒಂದು ಖಂಡದ ಪಂಡಿತರೆಲ್ಲ ಸೇರಿ ಗಜ್ಜರಿ ಹಣ್ಣೇ ಎಂದು ತೀರ್ಮಾನ ಮಾಡಿರುವಾಗ, ಸಿಪ್ಪೆಯ ಮೇಲೆ ಒಂದು ಮೀಮಾಂಸೆ ಬರೆಯುವುದನ್ನು ಯಾರೂ ಅತಿಯೆನ್ನಬಾರದು.

ಸೂತ್ರ 4: ಸಿಪ್ಪೆ, ಬಿಳಿ, ಬೀಜ: ಪದಾರ್ಥಗಳು ಮೂರು. ರಸ ನಿಮಿತ್ತಮಾತ್ರ.

ಭಾಷ್ಯ: ಲೋಕದಲ್ಲಿ ಕಿತ್ತಳೆ ತಿನ್ನುವವರು ತೊಳೆಯನ್ನು ಸಾರವೆಂದೂ ಉಳಿದದ್ದನ್ನು ಕಸವೆಂದೂ ತಿಳಿಯುತ್ತಾರೆ. ಈ ಶಾಸ್ತ್ರದಲ್ಲಿ ವ್ಯವಸ್ಥೆ ತಲೆಕೆಳಗು. ಬಾಯಿಗೆ ಸಿಕ್ಕುವ ತುಂಡು ಸಿಪ್ಪೆ. ಬಾಟಲಿ ಬಗ್ಗಿಸಿದರೂ ಅದು ಹರಿಯದಂತೆ ಹಿಡಿಯುವುದು ಬಿಳಿ ಪದರ ಮತ್ತು ಬೀಜದಲ್ಲಿರುವ ಪೆಕ್ಟಿನ್. 1825ರಲ್ಲಿ ಫ್ರಾನ್ಸಿನ ಆಂರಿ ಬ್ರಾಕೊನೊ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಬೇರ್ಪಡಿಸಿ ಹೆಸರಿಟ್ಟ. ಅದಕ್ಕೆ ಮೊದಲು ಶತಮಾನಗಳ ಕಾಲ ಹೆಂಗಸರು ಹೆಸರಿಡದೆಯೇ ಅದರಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದರು.

ಪೆಕ್ಟಿನ್ನಿನ ಸ್ವಭಾವ ಹೀಗೆ: ಅದು ಉದ್ದನೆಯ ಸರಪಳಿ. ನೀರಿನಲ್ಲಿರುವಾಗ ಸರಪಳಿಗಳೆಲ್ಲ ಒಂದೇ ಬಗೆಯ ವಿದ್ಯುದಂಶ ಹೊತ್ತು ಪರಸ್ಪರ ದೂರ ನಿಲ್ಲುತ್ತವೆ. ಹಣ್ಣಿನ ಹುಳಿ ಆ ವೈಮನಸ್ಯವನ್ನು ತಗ್ಗಿಸುತ್ತದೆ, ಸಕ್ಕರೆ ಮಧ್ಯದಲ್ಲಿದ್ದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಗ ಸರಪಳಿಗಳು ಬೇರೆ ದಾರಿಯಿಲ್ಲದೆ ಕೈ ಕೈ ಹಿಡಿದು ಬಲೆಯಾಗುತ್ತವೆ. ಹುಳಿಯೊಂದೇ ಇದ್ದರೆ ಸಾಲದು, ಸಿಹಿಯೊಂದೇ ಇದ್ದರೂ ಸಾಲದು. ಕೂಡು ಕುಟುಂಬದ ಬಗ್ಗೆ ಸಮಾಜಶಾಸ್ತ್ರಜ್ಞರು ಹೇಳಿರುವುದೆಲ್ಲ ಇಷ್ಟರಲ್ಲಿ ಅಡಕವಾಗಿದೆ.

ಆದ್ದರಿಂದ ವಿಧಿವಾಕ್ಯ: ಬೀಜವನ್ನೂ ಬಿಳಿಯನ್ನೂ ಹಳೆ ಪಂಚೆಯ ಒಗೆದ ತುಂಡಿನಲ್ಲಿ ಗಂಟು ಕಟ್ಟಿ, ಹೆಚ್ಚಿದ ಸಿಪ್ಪೆಯ ಜೊತೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಕು. ಒಂದು ಕಿಲೋ ಹಣ್ಣಿಗೆ ಎರಡೂವರೆ ಲೀಟರ್ ನೀರು. ಮಾರನೆಯ ದಿನ ಸಿಪ್ಪೆ ಬೆರಳಿನಲ್ಲಿ ಹಿಸುಕಿದರೆ ಮುದ್ದೆಯಾಗುವವರೆಗೆ ಬೇಯಿಸಬೇಕು. ಆಮೇಲೆ ಗಂಟನ್ನು ಹಿಂಡಿ ತೆಗೆಯಬೇಕು. ನಿಷೇಧವಾಕ್ಯ: ಸಿಪ್ಪೆ ಬೇಯುವ ಮೊದಲು ಸಕ್ಕರೆ ಹಾಕಕೂಡದು. ಹಾಕಿದರೆ ಸಿಪ್ಪೆ ಅಲ್ಲಿಗೇ ಗಟ್ಟಿಯಾಗಿ, ಎಷ್ಟು ಹೊತ್ತು ಕುದಿಸಿದರೂ ಮೆತ್ತಗಾಗದು. ಮಕ್ಕಳಿಗೆ ಬುದ್ಧಿ ಬರುವ ಮೊದಲು ಸ್ಕೂಟರ್ ಕೊಡಿಸಬಾರದೆಂದು ಪ್ರಬಂಧಕಾರನ ಮಾವನವರು ಹೇಳುವುದೂ ಇದೇ ನಿಷೇಧದ ವಿಸ್ತರಣೆ.

ಯಾವ ಹಣ್ಣು ಎಂಬಲ್ಲಿ ಶಾಖಾಭೇದವಿದೆ. ಬ್ರಿಟನ್ನಿನ ಶಾಖೆಗೆ ಸೆವಿಲ್ ಕಿತ್ತಳೆಯೇ ಪ್ರಮಾಣ: ದಪ್ಪ ಸಿಪ್ಪೆ, ತುಂಬ ಬೀಜ, ಹುಳಿ, ಕಹಿ. ಜನವರಿ, ಫೆಬ್ರವರಿಯಲ್ಲಿ ಕೆಲವು ವಾರ ಮಾತ್ರ ಅಲ್ಲಿನ ಪೇಟೆಗೆ ಬರುತ್ತದೆ. ಸೆವಿಲ್ ನಗರದ ಬೀದಿಗಳುದ್ದಕ್ಕೂ ಈ ಮರಗಳಿವೆ, ಹಣ್ಣನ್ನು ಊರಿನವರು ತಿನ್ನುವುದಿಲ್ಲ. 2021ರಲ್ಲಿ ಅಲ್ಲಿನ ನಗರ ನೀರು ಸರಬರಾಜು ಸಂಸ್ಥೆ ಬೀದಿಯಲ್ಲಿ ಉದುರಿದ ಹಣ್ಣಿನ ರಸದಿಂದ ವಿದ್ಯುತ್ ತೆಗೆಯುವ ಪ್ರಯೋಗಕ್ಕೆ ಕೈಹಾಕಿತು. ರಸವನ್ನು ಕರೆಂಟಿಗೆ ಹಾಕಿ ಸಿಪ್ಪೆಯನ್ನು ಪ್ರತ್ಯೇಕಿಸುವ ಈ ಕ್ರಮ ನಮ್ಮ ಸೂತ್ರದ ಉತ್ತರಾರ್ಧಕ್ಕೆ ನೇರ ಸಮರ್ಥನೆ.

ನಮ್ಮ ಶಾಖೆಗೆ ಕೊಡಗಿನ ಕಿತ್ತಳೆ ಇದೆ. ಕಾಫಿ ತೋಟದ ನಡುವೆ ಬೆಳೆಯುವ, ಭೌಗೋಳಿಕ ಗುರುತು ಪಡೆದ ಈ ಹಣ್ಣಿನ ಸಿಪ್ಪೆ ಸಡಿಲ, ತೆಳು. ಸುಲಿಯಲು ಸುಖ, ಬಿಳಿ ಪದರ ಕಡಿಮೆಯಾದ್ದರಿಂದ ಗಟ್ಟಿಗೊಳ್ಳಲು ತಕರಾರು. ಇದಕ್ಕೆ ಪ್ರಾಯಶ್ಚಿತ್ತವಾಗಿ ನಿಂಬೆಯ ರಸ, ಬೀಜ ಎರಡನ್ನೂ ಸೇರಿಸತಕ್ಕದ್ದು. ಹೇರಳೆಕಾಯಿ ಸಿಕ್ಕರೆ ಇನ್ನೂ ಶ್ರೇಷ್ಠ, ದಪ್ಪ ಸಿಪ್ಪೆಯ ಆ ಹುಳಿಕಹಿ ಕಾಯಿ ಸ್ವಭಾವದಲ್ಲಿ ಸೆವಿಲ್ ಹಣ್ಣಿಗೆ ಹತ್ತಿರ. ಆದರೆ ಹೇರಳೆಕಾಯಿ ಮನೆಗೆ ಬಂದರೆ ಅದು ಚಿತ್ರಾನ್ನಕ್ಕೆ ಮೀಸಲೆಂದು ಹಿರಿಯರು ತಡೆಯಾಜ್ಞೆ ತರುವ ಸಂಭವವಿದೆ.

ಕಹಿಯನ್ನು ಹೀಗಳೆಯುವವರಿಗೆ ಒಂದು ಮಾತು. ಕಹಿ ಕಿತ್ತಳೆಯ ಸಿಪ್ಪೆಯಲ್ಲಿರುವ ನಿಯೋಹೆಸ್ಪೆರಿಡಿನ್ ಎಂಬ ಕಹಿ ವಸ್ತುವನ್ನು 1960ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸ್ವಲ್ಪ ಮಾರ್ಪಡಿಸಿದರು. ಅದು ಸಕ್ಕರೆಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಿಹಿಯಾಯಿತು. ಕಹಿ ಮತ್ತು ಸಿಹಿಯ ನಡುವೆ ಅಂತರ ಇರುವುದು ಕೆಲವೇ ಪರಮಾಣುಗಳಷ್ಟು. ಬೀಗರ ಜೊತೆ ಮಾತು ಬಿಟ್ಟವರು ಇದನ್ನು ಗಮನಿಸಬಹುದು.

ಸೂತ್ರ 5: ಘಟ್ಟದ ಮೇಲೊಂದು ಪಾಠ, ಕೆಳಗೊಂದು ಪಾಠ.

ಭಾಷ್ಯ: ಇನ್ನು ಪಾಕ ಪ್ರಕರಣ. ಬೆಂದ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಹಾಕಿ, ಕರಗಿದ ಮೇಲೆ ಉರಿ ಜೋರು ಮಾಡಿ ಕುದಿಸಬೇಕು. ಎಲ್ಲಿಯವರೆಗೆ? ವಿಲಾಯಿತಿ ಗ್ರಂಥಗಳು ಒಂದೇ ಕಂಠದಿಂದ 104.5 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ. ಈ ಪಾಠ ಮಂಗಳೂರಿಗೆ ಸರಿ. ಬೆಂಗಳೂರಿಗೆ ಇದು ಅಪಪಾಠ.

ಕಾರಣ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ; ಸರಿಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿಯುತ್ತ, ಇಲ್ಲಿ 97 ಡಿಗ್ರಿಗೇ ಗುಳುಗುಳು ಶುರು. ಮಾರ್ಮಲೇಡ್ ಹದ ಬರುವುದು ಆಯಾ ಊರಿನ ನೀರಿನ ಕುದಿಬಿಂದುವಿಗಿಂತ ನಾಲ್ಕೂವರೆ ಡಿಗ್ರಿ ಮೇಲೆ. ಆದ್ದರಿಂದ ಬೆಂಗಳೂರಿನ ಶುದ್ಧಪಾಠ 101.5, ಮಡಿಕೇರಿಯದು ಅದಕ್ಕಿಂತ ಸ್ವಲ್ಪ ಕಡಿಮೆ. ಗ್ರಂಥದ ಅಕ್ಷರವನ್ನೇ ನಂಬಿ 104.5 ಬರುವವರೆಗೆ ಕಾದ ಬೆಂಗಳೂರಿಗನಿಗೆ ಸಿಗುವುದು ಚಮಚ ನೆಟ್ಟರೆ ನಿಂತೇ ಇರುವ ಅಂಟು. ಮೂಲವನ್ನು ದೇಶಕಾಲಕ್ಕೆ ತಕ್ಕಂತೆ ತಿದ್ದದೆ ಅನುಸರಿಸುವವರ ಗತಿ ಸಾಹಿತ್ಯದಲ್ಲಿಯೂ ಇಷ್ಟೇ.

ಥರ್ಮಾಮೀಟರ್ ಇಲ್ಲದವರಿಗೆ ತಟ್ಟೆಪ್ರಮಾಣ. ಫ್ರೀಜರಿನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ತಣ್ಣಗಾದ ಮೇಲೆ ಬೆರಳಿನಿಂದ ತಳ್ಳಿದರೆ ಮೇಲ್ಮೈ ಸುಕ್ಕುಗಟ್ಟಬೇಕು. ಆ ಹೊತ್ತಿಗೆ ಉರಿ ಆರಿಸಿರಬೇಕು, ತಟ್ಟೆ ನೋಡುತ್ತಿರುವಾಗಲೇ ಪಾಕ ಮಿತಿಮೀರುವುದುಂಟು. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕವೆಂದು ಬೆರಳ ಸಂದಿಯಲ್ಲೇ ಅಳೆದ ಮನೆಗಳಿಗೆ ಇದು ಹೊಸತಲ್ಲ. ಪ್ರಬಂಧಕಾರನ ತಾಯಿ ಥರ್ಮಾಮೀಟರ್ ನೋಡಿ ಕೇಳಿದ್ದು ಇಷ್ಟೇ: ‘ಯಾಕೋ, ಅದಕ್ಕೇನು ಜ್ವರ ಬಂದಿದೆಯಾ?’

ಸೂತ್ರ 6: ಗೊಜ್ಜು ಪ್ರಾಚೀನ, ಮಾರ್ಮಲೇಡ್ ಅರ್ವಾಚೀನ, ಕಲಹ ನಿತ್ಯ.

ಭಾಷ್ಯ: ಈಗ ಸ್ವದೇಶಿ ಪ್ರತಿವಾದಿಗಳನ್ನು ಎದುರಿಸಬೇಕು. ಕಿತ್ತಳೆ ಸಿಪ್ಪೆ ಗೊಜ್ಜಿನ ಪಂಥಕ್ಕೆ ನಮ್ಮ ಮನೆಯಲ್ಲಿ ತಾಯಿಯವರೇ ಪೀಠಾಧಿಪತಿ. ಅವರ ವಾದ: ‘ಅಲ್ವೋ, ಇದೇ ಸಿಪ್ಪೆನ ನಿಮ್ಮಜ್ಜಿ ಹುಣಿಸೆಹಣ್ಣು, ಬೆಲ್ಲ ಹಾಕಿ ಅರ್ಧ ಗಂಟೇಲಿ ಕುದಿಸಿ ಇಳಿಸ್ತಿದ್ರು. ನೀನು ನಿನ್ನೆ ರಾತ್ರಿಯಿಂದ ಅದನ್ನ ಮೆರವಣಿಗೆ ಮಾಡ್ತಿದ್ದೀಯ.’

ವಾದಕ್ಕೆ ಬಲವಿದೆ. ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು. ಹೆಚ್ಚಿದ ಸಿಪ್ಪೆ ಬಾಡಿದ ಮೇಲೆ ಹುಣಿಸೆ ರಸ, ಬೆಲ್ಲ, ಉಪ್ಪು, ಅರಿಶಿನ, ಸಾರಿನ ಪುಡಿ. ಮಾರ್ಮಲೇಡಿನಲ್ಲಿ ಸಿಹಿ, ಹುಳಿ, ಕಹಿ ಎಂಬ ಮೂರೇ ರಸ. ಗೊಜ್ಜಿನಲ್ಲಿ ಅವುಗಳ ಜೊತೆ ಉಪ್ಪೂ ಖಾರವೂ ಸೇರಿ ಐದು. ಆರನೆಯದಾದ ಒಗರು ಅರಿಶಿನದಲ್ಲಿದೆ ಎಂದು ಗೊಜ್ಜು ಪಂಥದವರು ಸಾಧಿಸುತ್ತಾರೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೊಟ್ಟ ಮೇಲೆ ಎದುರು ಪಕ್ಷದವರೂ ಒಪ್ಪುತ್ತಾರೆ.

ಸಮನ್ವಯ ಹೀಗೆ. ಕಹಿಯನ್ನು ಓಡಿಸಬೇಕೆಂದು ಎರಡೂ ಪಂಥಗಳು ಹೇಳುವುದಿಲ್ಲ, ಅದಕ್ಕೆ ತಕ್ಕ ಜೊತೆ ಕೊಡಬೇಕೆಂದು ಹೇಳುತ್ತವೆ. ಭೇದ ಕಾಲದಲ್ಲಿ ಮಾತ್ರ. ಗೊಜ್ಜು ಕೆಲವು ದಿನದ ಮಾತು. ಮಾರ್ಮಲೇಡಿನಲ್ಲಿ ನೂರಕ್ಕೆ 65 ಪಾಲು ಕರಗಿದ ಸಕ್ಕರೆಯೇ ಇರುವುದರಿಂದ ಬೂಷ್ಟಿಗೆ ಕುಡಿಯಲು ನೀರು ಸಿಗುವುದಿಲ್ಲ. ಮುಚ್ಚಿದ ಬಾಟಲಿ ವರ್ಷ ಬಾಳುತ್ತದೆ. ಗೊಜ್ಜು ಇಂದಿನ ಊಟ, ಮಾರ್ಮಲೇಡ್ ಮುಂದಿನ ಬೆಳಗುಗಳ ಮೇಲಿನ ಭರವಸೆ. ಒಂದೇ ಮನೆಯಲ್ಲಿ ಎರಡಕ್ಕೂ ಜಾಗವಿದೆ, ಒಲೆಗಳು ಎರಡಿದ್ದರೆ.

ಸೂತ್ರ 7: ಗೃಹಸುಖವು ಉಪೋತ್ಪನ್ನ.

ಭಾಷ್ಯ: ಮೊದಲ ಸೂತ್ರದಲ್ಲಿ ಹೇಳಿದ ಮುಖ್ಯ ಪ್ರಯೋಜನವನ್ನು ಈಗ ಸಾಧಿಸುತ್ತೇವೆ. ಮಾರ್ಮಲೇಡ್ ಕಾಯಿಸುವ ಕ್ರಿಯೆಯಿಂದ ಹುಟ್ಟುವ ಸುಖಗಳು ಹೀಗಿವೆ.

ನೊರೆಸುಖ: ಕುದಿಯುವಾಗ ತೆಗೆದ ನೊರೆಯನ್ನು ಬಾಟಲಿಗೆ ಹಾಕುವಂತಿಲ್ಲ. ಅದು ಬಟ್ಟಲಿನಲ್ಲಿ ಉಳಿಯುತ್ತದೆ. ಅಡುಗೆಮನೆಗೆ ನೀರು ಕುಡಿಯಲು ಬಂದ ನೆಪದವರೆಲ್ಲ ಒಂದೊಂದು ಬೆರಳು ಅದ್ದುತ್ತಾರೆ. ಪೂರ್ವಪಕ್ಷದವರಿಗೂ ನಿಷೇಧವಿಲ್ಲ.

ಗಂಧಸುಖ: ಸಿಪ್ಪೆಯ ಎಣ್ಣೆ ಆವಿಯ ಜೊತೆ ಮಹಡಿ ಮೆಟ್ಟಿಲವರೆಗೆ ಹೋಗುತ್ತದೆ. ‘ಏನ್ ಮಾಡ್ತಿದ್ದೀರಿ?’ ಎಂದು ಯಾರಾದರೂ ಕೇಳಿದರೆ ಈ ಸುಖ ಸಂಪೂರ್ಣ.

ಟಕ್‌ಸುಖ: ಬಿಸಿಯಾಗಿ ತುಂಬಿ ಮುಚ್ಚಿದ ಬಾಟಲಿ ಆರುತ್ತ ಬಂದಂತೆ ಒಳಗಿನ ಆವಿ ಕುಗ್ಗಿ, ತಗಡಿನ ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡು ಟಕ್ ಎನ್ನುತ್ತದೆ. ಟಿ.ವಿ. ಧಾರಾವಾಹಿಯ ನಡುವೆ ಅಡುಗೆಮನೆಯಿಂದ ಈ ಸದ್ದು ಬಂದಾಗ ಕಾಯಿಸಿದವನ ಮುಖದಲ್ಲಿ ಮೂಡುವ ತೃಪ್ತಿಗೆ ಅಲಂಕಾರಶಾಸ್ತ್ರದಲ್ಲಿ ಇನ್ನೂ ಸ್ಥಾಯಿಭಾವ ಗೊತ್ತುಪಡಿಸಿಲ್ಲ.

ಸಾಲುಸುಖ: ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿ, ಏನೂ ಮಾಡದೆ ನೋಡುವುದು. ಮನೆಗೆ ಬಂದವರು ಗಮನಿಸದಿದ್ದರೆ ಕಿಟಕಿ ತೆರೆಯುವ ನೆಪದಲ್ಲಿ ಅತ್ತ ಹೋಗುವುದು ಇದರ ಅಂಗ.

ಡಬ್ಬಿಸುಖ: ಇದು ಸರ್ವೋತ್ತಮ. ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ರೂಢಿಯಿಲ್ಲ. ಮಾರ್ಮಲೇಡ್ ಹೋದ ಬಾಟಲಿ ಹುಣಿಸೆ ತೊಕ್ಕಾಗಿ ಬರುತ್ತದೆ. ತೊಕ್ಕು ಮುಗಿದ ಮೇಲೆ ಚಟ್ನಿಪುಡಿಯಾಗಿ ಹೋಗುತ್ತದೆ, ಮಿಡಿ ಉಪ್ಪಿನಕಾಯಿಯಾಗಿ ಮರಳುತ್ತದೆ. ಕೊನೆಗೆ ಆ ಬಾಟಲಿ ಮೂಲತಃ ಯಾರದೆಂಬುದು ಎರಡೂ ಮನೆಗೆ ಮರೆತುಹೋಗುತ್ತದೆ. ಹೆಂಡತಿಯ ಲೆಕ್ಕದಲ್ಲಿ ಈ ಬಾಬತ್ತು ಬಿಟ್ಟುಹೋಗಿತ್ತು. ಅಂಗಡಿಯಿಂದ ಕೊಂಡ ಬಾಟಲಿಯನ್ನು ಪಕ್ಕದ ಮನೆಗೆ ಒಯ್ದು ಕೊಟ್ಟರೆ ಅವರು ‘ಏನು ವಿಶೇಷ?’ ಎಂದು ಅನುಮಾನಪಡುತ್ತಾರೆ. ಕಾಯಿಸಿದ್ದನ್ನು ಕೊಟ್ಟರೆ ‘ಸ್ವಲ್ಪ ಕಹಿಯಾಯ್ತು ಅಲ್ವಾ?’ ಎನ್ನುತ್ತಾರೆ. ಎರಡನೆಯದು ಸ್ನೇಹದ ಲಕ್ಷಣ.

ಇವುಗಳಲ್ಲಿ ಯಾವ ಸುಖವೂ ಬಾಟಲಿಯೊಳಗಿಲ್ಲ ಎಂಬುದನ್ನು ಗಮನಿಸಬೇಕು. ಮದುವೆ, ಗೃಹಪ್ರವೇಶ, ಬಡ್ತಿ ಇತ್ಯಾದಿ ದೊಡ್ಡ ಸುಖಗಳು ಬದುಕಿನ ರಸ, ಒಂದೇ ಗುಟುಕಿಗೆ ಮುಗಿಯುತ್ತವೆ. ಉಳಿಯುವುದು ಸಿಪ್ಪೆ: ಸೋಮವಾರಗಳು, ಸಂಜೆ ಹೊತ್ತು, ಹಾಲು ಕಾಯಿಸುವುದು, ಬಟ್ಟೆ ಮಡಿಚುವುದು. ಅದನ್ನೂ ಹೆಚ್ಚಿ, ನೆನೆಹಾಕಿ, ಹದ ನೋಡುವ ವ್ಯವಧಾನ ಉಳ್ಳವನಿಗೆ ವರ್ಷವಿಡೀ ಸಾಲುವಷ್ಟು ದೊರೆಯುತ್ತದೆ. ಇದೇ ಸಿದ್ಧಾಂತ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರ ಫ್ರಿಜ್ಜಿನಲ್ಲಿ ಅರ್ಧ ನಿಂಬೆಹಣ್ಣು ಒಣಗದು. ಓದಿಸಿ ಕೇಳಿದವರ ಮಿಕ್ಸಿ ಜಾರಿನ ವಾಷರ್ ಕಳೆಯದು. ನೆನೆಹಾಕಿದವರಿಗೆ ಸಿಲಿಂಡರ್ ನಡುವೆ ಮುಗಿಯದು. ಕಾಯಿಸಿದವರಿಗೆ ಪಕ್ಕದ ಮನೆಯ ತೊಕ್ಕು ತಪ್ಪದು. ಕಾಯಿಸಿ, ಹಂಚಿ, ಅಂಟಿದ ಪಾತ್ರೆಯನ್ನು ತಾವೇ ಉಜ್ಜಿ ಬೋರಲು ಹಾಕಿದವರಿಗೆ ಮುಂದಿನ ಸುಗ್ಗಿಯಲ್ಲಿಯೂ ಅಡುಗೆಮನೆಯ ಪ್ರವೇಶ ಸಿಗುವುದು. ಉಜ್ಜದವರು ಗೊಜ್ಜು ಉಣ್ಣತಕ್ಕದ್ದು.